ಎರಡು ತಿಂಗಳ ನಡುವಿನ ಬೆಲೆ: ಗೋಡೌನ್ ಖಾಲಿ ಇದ್ದರೆ ಅದು ಲಾಭವೇ, ಬಡ್ಡಿಯೇ?

‘ಉಸ್ತಾದ್, ಬೆಲೆ ಏರುತ್ತದೋ ಇಳಿಯುತ್ತದೋ ಅಂತ ನಾನು ಜೂಜು ಆಡುವುದಿಲ್ಲ. ನಾನು ಬರೇ ಸ್ಪ್ರೆಡ್ ಮಾಡುವುದು. ಅದರಲ್ಲಿ ತೊಂದರೆ ಇಲ್ಲವಲ್ಲ?’

ಈ ತರಹದ ಪ್ರಶ್ನೆ ಈಗೀಗ ಜಾಸ್ತಿಯಾಗಿದೆ. ಕೇಳುವವರು ಹೆಚ್ಚಾಗಿ ಇಪ್ಪತ್ತೈದರಿಂದ ಮೂವತ್ತೈದರೊಳಗಿನ ಹುಡುಗರು. ಕೆಲವರು ನಾಲ್ಕು ವರ್ಷ ಗಲ್ಫ್‌ನಲ್ಲಿ ದುಡಿದು ಬಂದವರು, ಕೆಲವರು ಊರಲ್ಲೇ ಅಂಗಡಿ ಇಟ್ಟುಕೊಂಡವರು. ಎಂಸಿಎಕ್ಸ್ ಮಾರುಕಟ್ಟೆ ರಾತ್ರಿ ಹನ್ನೊಂದೂವರೆವರೆಗೂ ತೆರೆದಿರುತ್ತದೆ. ಅಂಗಡಿಯ ಶಟರ್ ಎಳೆದು, ಇಶಾ ನಮಾಝ್ ಮುಗಿಸಿ, ಮನೆಯ ಜಗಲಿಯಲ್ಲಿ ಕುಳಿತು ಮೊಬೈಲ್‌ನಲ್ಲೇ ಕಚ್ಚಾ ತೈಲ, ನೈಸರ್ಗಿಕ ಅನಿಲ, ಬೆಳ್ಳಿ ಅಂತ ಕೊಳ್ಳಬಹುದು, ಮಾರಬಹುದು. ಒಂದು ಹನಿ ತೈಲ ಕೈಗೆ ತಾಗುವುದಿಲ್ಲ.

ಇದಕ್ಕೆ ‘ಆಗುವುದಿಲ್ಲ ಮಗಾ’ ಅಂತ ಒಂದೇ ಮಾತಿನಲ್ಲಿ ಉತ್ತರ ಕೊಟ್ಟು ಕಳಿಸಬಹುದು. ಆದರೆ ಹಾಗೆ ಕಳಿಸಿದರೆ ‘ಉಸ್ತಾದರಿಗೆ ಮಾರ್ಕೆಟ್ ಗೊತ್ತಿಲ್ಲ’ ಅಂತ ಅವನು ಮನಸ್ಸಿನಲ್ಲೇ ಅಂದುಕೊಂಡು ಹೋಗುತ್ತಾನೆ. ಅದರಲ್ಲಿ ಅವನ ತಪ್ಪೂ ಇಲ್ಲ. ಒಂದು ವ್ಯಾಪಾರದ ಬಗ್ಗೆ ಹುಕುಂ ಹೇಳುವ ಮುಂಚೆ ಆ ವ್ಯಾಪಾರ ಏನು ಅಂತ ತಿಳಿದಿರಬೇಕು ಎನ್ನುವುದು ನಮ್ಮ ಕಿತಾಬುಗಳೇ ಕಲಿಸಿದ ಕ್ರಮ. ಹಾಗಾಗಿ ಮೊದಲು ಈ ಸ್ಪ್ರೆಡ್ ಅಂದರೆ ಏನು ನೋಡೋಣ.

ನಮ್ಮ ಕರಾವಳಿಯವರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟವೇ ಅಲ್ಲ. ಅಡಿಕೆ ವ್ಯಾಪಾರ ಗೊತ್ತಿರುವ ಮನೆಗಳಲ್ಲಿ ಹೊಸ ಅಡಿಕೆ, ಸಿಂಗಲ್ ಚೋಲ್, ಡಬಲ್ ಚೋಲ್ ಎನ್ನುವ ಮಾತು ದಿನಾ ಕೇಳುತ್ತದೆ. ಈ ವರ್ಷದ ಅಡಿಕೆಗೆ ಒಂದು ರೇಟು, ಒಂದು ವರ್ಷ ಇಟ್ಟ ಹಳೆ ಅಡಿಕೆಗೆ ಅದಕ್ಕಿಂತ ಜಾಸ್ತಿ. ಆ ನಡುವಿನ ಹಣ ಯಾತರದು? ಅಟ್ಟದಲ್ಲಿ ಇಟ್ಟದ್ದಕ್ಕೆ, ಹುಳ ಹಿಡಿಯದಂತೆ ನೋಡಿಕೊಂಡದ್ದಕ್ಕೆ, ಮಳೆಗಾಲದಲ್ಲಿ ಫಂಗಸ್ ಬಾರದಂತೆ ಕಾದದ್ದಕ್ಕೆ, ಒಂದು ವರ್ಷ ಕೈಗೆ ಹಣ ಬಾರದೆ ಕಾದು ಕುಳಿತದ್ದಕ್ಕೆ. ಅಡಿಕೆಯಲ್ಲಿ ಹಳತಾದರೆ ಗುಣವೂ ಬೇರೆಯಾಗುತ್ತದೆ, ಆದ್ದರಿಂದ ಹೋಲಿಕೆ ಪೂರ್ತಿ ಸರಿಯಲ್ಲ. ಆದರೆ ಒಂದೇ ಸರಕಿಗೆ ಎರಡು ಕಾಲದಲ್ಲಿ ಎರಡು ಬೆಲೆ ಯಾಕೆ ಎನ್ನುವುದು ಇದರಿಂದ ತಿಳಿಯುತ್ತದೆ.

ಫ್ಯೂಚರ್ಸ್ ಮಾರುಕಟ್ಟೆಯಲ್ಲಿ ಇದೇ ವಿಷಯ ಬೋರ್ಡಿನ ಮೇಲೆ ಕಾಣುತ್ತದೆ. ಲೆಕ್ಕ ಸುಲಭವಾಗಲಿ ಅಂತ ಕರಿಮೆಣಸನ್ನೇ ತೆಗೆದುಕೊಳ್ಳಿ. ಅಂಕೆಗಳು ನಾನು ಉದಾಹರಣೆಗೆ ಹಾಕಿದವು. ಜುಲೈ ತಿಂಗಳ ಮೆಣಸು ಕೆಜಿಗೆ 600 ರೂಪಾಯಿ, ಸೆಪ್ಟೆಂಬರ್ ತಿಂಗಳದ್ದು 615. ನಡುವೆ 15 ರೂಪಾಯಿ. ಜುಲೈಯ ಮೆಣಸು ಕೊಂಡು ಎರಡು ತಿಂಗಳು ಇಟ್ಟರೆ ಹಾಕಿದ ಬಂಡವಾಳಕ್ಕೆ ಸುಮಾರು 10 ರೂಪಾಯಿ, ಗೋಡೌನ್ ಬಾಡಿಗೆ ಮತ್ತು ಇನ್ಶೂರೆನ್ಸ್‌ಗೆ 3, ಒಣಗಿ ತೂಕ ಇಳಿಯುವುದಕ್ಕೆ 2. ಒಟ್ಟು 15. ಲೆಕ್ಕ ಸರಿಯಾಯಿತು. ಅಂದರೆ ಈ 15 ರೂಪಾಯಿ ಮೆಣಸಿನ ಬೆಲೆಯೇ ಅಲ್ಲ, ಮೆಣಸನ್ನು ಇಟ್ಟುಕೊಳ್ಳುವ ಬೆಲೆ.

ಒಂದು ವೇಳೆ ಅಂತರ 25 ಆದರೆ? ಹಣ ಮತ್ತು ಗೋಡೌನ್ ಇರುವ ದೊಡ್ಡ ವ್ಯಾಪಾರಿ ಕೂಡಲೇ ಜುಲೈಯದ್ದು ಕೊಂಡು ಸೆಪ್ಟೆಂಬರಿಗೆ ಮಾರುತ್ತಾನೆ. ಮಾಲು ಎತ್ತಿ ಗೋಡೌನಿಗೆ ಹಾಕುತ್ತಾನೆ, ಎರಡು ತಿಂಗಳ ನಂತರ ಕೊಡುತ್ತಾನೆ, ಖರ್ಚು ಕಳೆದು ಕೆಜಿಗೆ 10 ರೂಪಾಯಿ ಎಣಿಸಿಕೊಳ್ಳುತ್ತಾನೆ. ಇಂಥವರು ನಾಲ್ಕು ಜನ ಬಂದ ಕೂಡಲೇ ಅಂತರ ಮತ್ತೆ 15ರ ಹತ್ತಿರಕ್ಕೆ ಬರುತ್ತದೆ. ಇದಕ್ಕೆ ಕ್ಯಾಶ್ ಅಂಡ್ ಕ್ಯಾರಿ ಅನ್ನುತ್ತಾರೆ. ಮಾರುಕಟ್ಟೆಯಲ್ಲಿ ಸ್ಪ್ರೆಡ್ ಎನ್ನುವುದು ಹುಟ್ಟಿದ್ದೇ ಇಂತಹ ಗೋಡೌನಿನವರಿಂದ.

ನಮ್ಮ ಹುಡುಗರು ಮಾಡುವುದು ಇದಲ್ಲ. ಅವರು ಮೊಬೈಲ್‌ನಲ್ಲಿ ಒಂದು ತಿಂಗಳದ್ದು ಕೊಂಡು ಇನ್ನೊಂದು ತಿಂಗಳದ್ದು ಮಾರುತ್ತಾರೆ. ಅಂತರ ಹಿಗ್ಗಿದರೆ ಅಥವಾ ಕುಗ್ಗಿದರೆ ಎರಡನ್ನೂ ಒಟ್ಟಿಗೆ ಕತ್ತರಿಸಿ ಹೊರಗೆ ಬರುತ್ತಾರೆ. ಮಾಲು ಎತ್ತುವ ಮಾತೇ ಇಲ್ಲ. ತಿಂಗಳು ತಿಂಗಳ ನಡುವೆ ಮಾತ್ರ ಅಲ್ಲ, ಚಿನ್ನಕ್ಕೂ ಬೆಳ್ಳಿಗೂ ನಡುವೆ, ಸೋಯಾ ಕಾಳಿಗೂ ಅದರ ಎಣ್ಣೆ ಹಿಂಡಿಗೂ ನಡುವೆ ಹೀಗೆಯೇ ಆಡುವವರಿದ್ದಾರೆ. ಎರಡೂ ಕಡೆ ಕಾಲು ಇಟ್ಟದ್ದರಿಂದ ಅಪಾಯ ಕಡಿಮೆ ಅಂತ ಎಕ್ಸ್‌ಚೇಂಜ್ ಕೂಡಾ ಮಾರ್ಜಿನ್ ಹಣ ಕಡಿಮೆ ಕೇಳುತ್ತದೆ. ಮಾರ್ಜಿನ್ ಕಡಿಮೆ ಅಂದರೆ ಅದೇ ಹಣದಲ್ಲಿ ಜಾಸ್ತಿ ಲಾಟ್ ಎತ್ತಬಹುದು. ಎಡವುವುದು ಇಲ್ಲೇ.

ಮತ್ತೆ ಮೆಣಸಿನ ಲೆಕ್ಕಕ್ಕೆ ಬನ್ನಿ. ಅಂತರ 15 ಇದ್ದದ್ದು 20 ಆಗುತ್ತದೆ ಅಂತ ಒಬ್ಬ ಜುಲೈ ಮಾರಿ ಸೆಪ್ಟೆಂಬರ್ ಕೊಂಡ ಅನ್ನಿ. ಎರಡೂ ತಿಂಗಳು 50 ರೂಪಾಯಿ ಏರಿದರೆ ಅವನಿಗೆ ಏನೂ ಆಗುವುದಿಲ್ಲ, ಅದು ನಿಜ. ಆದರೆ ಈಗಲೇ ಮಾಲು ಬೇಕು, ಪೇಟೆಯಲ್ಲಿ ಮಾಲು ಇಲ್ಲ ಅಂತಾದರೆ ಜುಲೈ 650ಕ್ಕೆ ಹಾರುತ್ತದೆ, ಸೆಪ್ಟೆಂಬರ್ 620ರಲ್ಲೇ ನಿಲ್ಲುತ್ತದೆ. ಜುಲೈಯಲ್ಲಿ 50 ಹೋಯಿತು, ಸೆಪ್ಟೆಂಬರಲ್ಲಿ 5 ಬಂತು. ಕೆಜಿಗೆ 45, ಒಂದು ಟನ್ನಿಗೆ 45 ಸಾವಿರ. ಐದು ರೂಪಾಯಿ ಆಸೆಗೆ ನಲವತ್ತೈದು. ಅಂತರ ಮೇಲಕ್ಕೆ ಹೋಗುವುದಕ್ಕೆ ಗೋಡೌನಿನ ಬಾಡಿಗೆ ಒಂದು ಮಿತಿ ಹಾಕುತ್ತದೆ. ತಿರುಗಿ ಬೀಳುವುದಕ್ಕೆ ಯಾವ ಮಿತಿಯೂ ಇಲ್ಲ. ಯಾಕೆಂದರೆ ಸೆಪ್ಟೆಂಬರಿನ ಮೆಣಸನ್ನು ಜುಲೈಗೆ ಹೊತ್ತು ತರುವ ಲಾರಿ ಇನ್ನೂ ಯಾರೂ ಮಾಡಿಲ್ಲ.

ದೊಡ್ಡ ದೊಡ್ಡವರೇ ಈ ಲೆಕ್ಕ ತಪ್ಪಿದವರು. ಅಮೆರಿಕದ ಅಮರಾಂತ್ ಎಂಬ ಹೆಜ್ ಫಂಡ್ 2006ರಲ್ಲಿ ಸುಮಾರು 900 ಕೋಟಿ ಡಾಲರ್ ಆಸ್ತಿ ನೋಡಿಕೊಳ್ಳುತ್ತಿತ್ತು. ಅದರ ಒಬ್ಬ ವ್ಯಾಪಾರಿ ನೈಸರ್ಗಿಕ ಅನಿಲದಲ್ಲಿ 2007ರ ಮಾರ್ಚ್ ತಿಂಗಳದ್ದು ಕೊಂಡು ಏಪ್ರಿಲ್ ತಿಂಗಳದ್ದು ಮಾರುವ ಸ್ಪ್ರೆಡ್ ಅನ್ನು ಬೆಟ್ಟದಷ್ಟು ಕಟ್ಟಿದ್ದ. ಅಲ್ಲಿ ಬೇಸಿಗೆಯಲ್ಲಿ ಅನಿಲವನ್ನು ನೆಲದಡಿ ತುಂಬಿಟ್ಟು ಚಳಿಗಾಲದಲ್ಲಿ ಮನೆ ಬಿಸಿ ಮಾಡಲು ತೆಗೆಯುತ್ತಾರೆ. ಮಾರ್ಚ್ ಅಂದರೆ ಚಳಿಯ ಕೊನೆ, ಸಂಗ್ರಹ ತಳ ಕಾಣುವ ಹೊತ್ತು. ಏಪ್ರಿಲ್ ಅಂದರೆ ಮತ್ತೆ ತುಂಬಿಸುವ ಹೊತ್ತು. ಚಳಿಗಾಲದಲ್ಲಿ ಅನಿಲಕ್ಕೆ ತತ್ವಾರ ಬರುತ್ತದೆ, ಮಾರ್ಚ್ ಬೆಲೆ ಹಾರುತ್ತದೆ ಅಂತ ಅವನ ಎಣಿಕೆ. ಆ ವರ್ಷ ಸಂಗ್ರಹ ಚೆನ್ನಾಗಿಯೇ ಇತ್ತು. ಎರಡು ಡಾಲರ್‌ಗಿಂತ ಮೇಲಿದ್ದ ಅಂತರ ಸೆಪ್ಟೆಂಬರ್ ಮುಗಿಯುವುದರೊಳಗೆ ಒಂದು ಡಾಲರ್‌ಗಿಂತ ಕೆಳಗೆ ಬಿತ್ತು. ಕೆಲವೇ ವಾರದಲ್ಲಿ ಸುಮಾರು 660 ಕೋಟಿ ಡಾಲರ್ ಹೋಗಿ ಕಂಪೆನಿಯೇ ಮುಚ್ಚಿತು. ಆ ಮಾರ್ಚ್-ಏಪ್ರಿಲ್ ಸ್ಪ್ರೆಡ್‌ಗೆ ಅಲ್ಲಿನ ವ್ಯಾಪಾರಿಗಳು ಇಟ್ಟ ಅಡ್ಡಹೆಸರು ‘ವಿಧವೆ ಮಾಡುವ ವ್ಯಾಪಾರ’. ಹೆಸರು ಕೇಳಿದರೆ ಸಾಕು, ವಿವರಣೆ ಬೇಡ.

ನಮಗೆ ಹತ್ತಿರದ ಸಂಗತಿ ಲಾಕ್‌ಡೌನ್ ಕಾಲದ್ದು. 2020ರ ಏಪ್ರಿಲ್ 20. ಜಗತ್ತಿನಲ್ಲಿ ವಿಮಾನ ಇಲ್ಲ, ವಾಹನ ಇಲ್ಲ, ತೈಲ ಕೇಳುವವರೇ ಇಲ್ಲ. ಅಮೆರಿಕದ ಕಚ್ಚಾ ತೈಲದ ಕಾಂಟ್ರಾಕ್ಟ್‌ನ ಮಾಲು ಕೊಡುವ ಜಾಗ ಓಕ್ಲಹೋಮಾದ ಕುಶಿಂಗ್ ಎಂಬ ಊರು. ಅಲ್ಲಿನ ಟ್ಯಾಂಕ್‌ಗಳಲ್ಲಿ ತುಂಬದೆ ಉಳಿದ ಜಾಗವನ್ನೂ ಮೊದಲೇ ಬಾಡಿಗೆಗೆ ಹಿಡಿದಿದ್ದರು. ಮೇ ತಿಂಗಳ ಕಾಂಟ್ರಾಕ್ಟ್ ಮುಗಿಯಲು ಒಂದೇ ದಿನ ಬಾಕಿ. ಕೊಂಡವನು ತೈಲ ಎತ್ತಲೇಬೇಕು, ಇಡಲು ಜಾಗ ಇಲ್ಲ. ಅಂದು ಆ ಕಾಂಟ್ರಾಕ್ಟ್ ಮೈನಸ್ 37.63 ಡಾಲರಿಗೆ ನಿಂತಿತು. ಅಂದರೆ ತೈಲ ಕೊಟ್ಟು, ಅದನ್ನು ಕೊಂಡುಹೋಗಲು ಹಣವನ್ನೂ ಕೊಡಬೇಕು! ಅದೇ ದಿನ ಜೂನ್ ತಿಂಗಳ ತೈಲ 20 ಡಾಲರಿನ ಮೇಲೆಯೇ ಇತ್ತು. ಒಂದು ತಿಂಗಳ ಅಂತರ 58 ಡಾಲರ್. ಅಂತರ ಮೇಲಕ್ಕೆ ಹೋಗುವುದಕ್ಕೆ ಗೋಡೌನ್ ಬಾಡಿಗೆ ಮಿತಿ ಹಾಕುತ್ತದೆ ಅಂದೆನಲ್ಲ, ಗೋಡೌನಲ್ಲಿ ಜಾಗ ಇದ್ದರೆ ಮಾತ್ರ. ಜಾಗವೇ ಇಲ್ಲದಿದ್ದರೆ ಆ ಮಿತಿಯೂ ಇಲ್ಲ.

ನಮ್ಮ ಎಂಸಿಎಕ್ಸ್‌ನ ಏಪ್ರಿಲ್ ಕಾಂಟ್ರಾಕ್ಟ್‌ನ ಕೊನೆಯ ದರ ಅಮೆರಿಕದ ದರವನ್ನೇ ನೋಡಿ ಹಾಕುವಂಥದ್ದು. ಲಾಕ್‌ಡೌನ್ ಅಂತ ಇಲ್ಲಿ ಸಂಜೆ ಐದಕ್ಕೇ ಮಾರುಕಟ್ಟೆ ಮುಚ್ಚುತ್ತಿತ್ತು. ಐದು ಗಂಟೆಗೆ ಬ್ಯಾರಲಿಗೆ 965 ರೂಪಾಯಿ ಆಸುಪಾಸಿನಲ್ಲಿತ್ತು. ಅಮೆರಿಕದಲ್ಲಿ ಬೆಲೆ ಪಾತಾಳಕ್ಕೆ ಹೋದದ್ದು ನಮ್ಮ ರಾತ್ರಿಯಲ್ಲಿ. ಕೊನೆಗೆ ಎಂಸಿಎಕ್ಸ್ ಹಾಕಿದ ದರ ಮೈನಸ್ 2,884 ರೂಪಾಯಿ. ಒಂದು ಲಾಟ್ ಅಂದರೆ 100 ಬ್ಯಾರಲ್. ಐದು ಗಂಟೆಗೆ ಒಂದೇ ಒಂದು ಲಾಟ್ ಕೊಂಡು ಮಲಗಿದವನು ಬೆಳಿಗ್ಗೆ ಏಳುವಾಗ ಮೂರು ಲಕ್ಷದ ಎಂಬತ್ತು ಸಾವಿರ ರೂಪಾಯಿಗೂ ಮೇಲೆ ಬಾಕಿದಾರ. ಕೇಸು ಹೈಕೋರ್ಟುಗಳಿಗೆ ಹೋಯಿತು. ಬೆಲೆ ಸೊನ್ನೆಗಿಂತ ಕೆಳಗೆ ಹೋಗಬಹುದು ಅಂತ ಎಷ್ಟೋ ಜನರಿಗೆ ಅಂದೇ ಗೊತ್ತಾದದ್ದು.

ಇದುವರೆಗೆ ಹೇಳಿದ್ದು ನಷ್ಟದ ಮಾತು. ನಷ್ಟವಾಗುತ್ತದೆ ಅನ್ನುವ ಒಂದೇ ಕಾರಣಕ್ಕೆ ಯಾವ ವ್ಯಾಪಾರವೂ ಹರಾಮ್ ಆಗುವುದಿಲ್ಲ. ಮೀನಿನ ವ್ಯಾಪಾರದಲ್ಲಿ ನಷ್ಟ ಇಲ್ಲವೇ? ದಕ್ಕೆಯಲ್ಲಿ ಒಂದೇ ಬೆಳಿಗ್ಗೆ ಲಕ್ಷ ಕಳಕೊಂಡವರಿದ್ದಾರೆ. ಪ್ರಶ್ನೆ ಬೇರೆ.

ಮಾಲು ಎಲ್ಲಿ?

ಈ ಪ್ರಶ್ನೆಗೆ ನಮ್ಮ ದೇಶದಲ್ಲೇ ಒಂದು ದೊಡ್ಡ ಉತ್ತರ ಸಿಕ್ಕಿದ್ದು 2013ರಲ್ಲಿ. ನನ್ನ ಮಟ್ಟಿಗೆ ಸ್ಪ್ರೆಡ್ ಬಗ್ಗೆ ಕಲಿಯಬೇಕಾದ ಪಾಠ ಅಮೆರಿಕದಲ್ಲಿ ಅಲ್ಲ, ಮುಂಬೈಯಲ್ಲಿದೆ.

ನ್ಯಾಷನಲ್ ಸ್ಪಾಟ್ ಎಕ್ಸ್‌ಚೇಂಜ್ ಲಿಮಿಟೆಡ್, ಚಿಕ್ಕದಾಗಿ ಎನ್‌ಎಸ್‌ಇಎಲ್. 2008ರ ಅಕ್ಟೋಬರಿನಲ್ಲಿ ವ್ಯವಹಾರ ಶುರು ಮಾಡಿತು. ಹೆಸರಿನಲ್ಲೇ ಇದ್ದ ಹಾಗೆ ಅದು ಸ್ಪಾಟ್, ಅಂದರೆ ರೊಕ್ಕಕ್ಕೆ ಮಾಲು ಕೈಬದಲಾಗುವ ಜಾಗ ಆಗಬೇಕಿತ್ತು. ರೈತನೂ ಮಿಲ್ಲಿನವನೂ ಇಡೀ ದೇಶದ ರೇಟು ನೋಡಿ ವ್ಯಾಪಾರ ಮಾಡಲಿ ಎನ್ನುವ ಒಳ್ಳೆಯ ಉದ್ದೇಶ. ಕೇಂದ್ರ ಸರಕಾರ 2007ರ ಜೂನ್‌ನಲ್ಲಿ ಅದಕ್ಕೆ ಹಳೆಯ 1952ರ ಕಾಯ್ದೆಯಿಂದ ವಿನಾಯಿತಿ ಕೊಟ್ಟಿತ್ತು, ಷರತ್ತಿನ ಮೇಲೆ. ತನ್ನಲ್ಲಿ ಇಲ್ಲದ ಮಾಲನ್ನು ಯಾರೂ ಮಾರಬಾರದು. ದಿನದ ಕೊನೆಗೆ ಉಳಿದ ವ್ಯವಹಾರಕ್ಕೆ ಮಾಲು ಕೊಡಲೇಬೇಕು. ಆ ಹಳೆಯ ಕಾಯ್ದೆಯಲ್ಲಿ ರೊಕ್ಕದ ವ್ಯಾಪಾರ ಅಂದರೆ ಹನ್ನೊಂದು ದಿನದೊಳಗೆ ಮಾಲು ಮತ್ತು ಹಣ ಎರಡೂ ಮುಗಿಯಬೇಕು ಅಂತ ಇತ್ತು. ತನ್ನಲ್ಲಿ ಇಲ್ಲದ್ದನ್ನು ಮಾರಬಾರದು ಎನ್ನುವ ಷರತ್ತು ಓದಿದಾಗ ಹಕೀಂ ಬಿನ್ ಹಿಝಾಮ್ ಅವರಿಗೆ ಪ್ರವಾದಿಯವರು ಹೇಳಿದ ಮಾತು ನಮ್ಮ ಮದ್ರಸ ಮಕ್ಕಳಿಗೂ ನೆನಪಾದೀತು.

ಆದರೆ ಅಲ್ಲಿ ಬೆಳೆದದ್ದು ಬೇರೆಯೇ ವ್ಯವಹಾರ. ಅದರ ಹೆಸರು ಜೋಡಿ ಕಾಂಟ್ರಾಕ್ಟ್. ಬ್ರೋಕರ್ ನಿಮ್ಮ ಹೆಸರಲ್ಲಿ ಒಂದೇ ಹೊತ್ತಿಗೆ ಎರಡು ವ್ಯವಹಾರ ಮಾಡುತ್ತಾನೆ. ಒಂದು, ಎರಡು ದಿನದಲ್ಲಿ ಹಣ ಕೊಟ್ಟು ಮಾಲು ಕೊಳ್ಳುವುದು. ಎರಡು, ಅದೇ ಮಾಲನ್ನು ಇಪ್ಪತ್ತೈದು ದಿನದ ನಂತರದ ದರಕ್ಕೆ ಮಾರುವುದು. ಟಿ ಪ್ಲಸ್ 2, ಟಿ ಪ್ಲಸ್ 25. ಕೆಲವಕ್ಕೆ ಮೂವತ್ತಾರು ದಿನ. ನಡುವಿನ ಅಂತರ ಮೊದಲೇ ಗೊತ್ತು, ವರ್ಷಕ್ಕೆ ಲೆಕ್ಕ ಹಾಕಿದರೆ ಶೇ. 14ರಿಂದ 16. ಸಕ್ಕರೆ, ಭತ್ತ, ಹರಳು, ಉಣ್ಣೆ, ಉಕ್ಕು, ಯಾವುದಾದರೂ ಸರಿ. ಎಲ್ಲಾ ಸರಕಿಗೂ ಹೆಚ್ಚುಕಮ್ಮಿ ಅದೇ ಲಾಭ. ನೋಡಿ, ಇಲ್ಲೇ ಸಂಶಯ ಬರಬೇಕಿತ್ತು. ಸಕ್ಕರೆ ಇಡುವ ಖರ್ಚು ಬೇರೆ, ಉಕ್ಕು ಇಡುವ ಖರ್ಚು ಬೇರೆ. ಉಕ್ಕಿಗೆ ಹುಳ ಹಿಡಿಯುತ್ತದೆಯೇ? ಎಲ್ಲಾ ಮಾಲಿನ ಸ್ಪ್ರೆಡ್ ಒಂದೇ ಆಗಿದ್ದರೆ ಆ ಅಂತರ ಮಾಲಿನದ್ದಲ್ಲ, ಹಣದ್ದು.

ಜನ ‘ಅಪಾಯವೇ ಇಲ್ಲದ ಲಾಭ’ ಅಂತ ಹಾಕಿದರು. ಹಣ ಹಾಕಿದವನು ಸಕ್ಕರೆ ಮೂಟೆ ನೋಡಲಿಲ್ಲ, ಗೋಡೌನ್ ರಸೀದಿ ಮಾತ್ರ ಇತ್ತು. ಇನ್ನೊಂದು ಕಡೆ ಮಾರಿದವನೇ ಇಪ್ಪತ್ತೈದು ದಿನದ ನಂತರ ವಾಪಸು ಕೊಳ್ಳುವವನು. ಅವಧಿ ಬಂದಾಗ ಮತ್ತೆ ಹೊಸ ಜೋಡಿ ಕಟ್ಟುತ್ತಿದ್ದರು. ಹೀಗೆ ಉರುಳುತ್ತಾ ಹೋಯಿತು. 2012ರಲ್ಲಿ ಸರಕಾರ ನೋಟಿಸು ಕೊಟ್ಟು ಹನ್ನೊಂದು ದಿನದ ಮಿತಿ ಎಲ್ಲಿ, ಇಲ್ಲದ ಮಾಲು ಮಾರುವುದು ಹೇಗೆ ಅಂತ ಕೇಳಿತು. 2013ರ ಜುಲೈಯಲ್ಲಿ ಹೊಸ ಕಾಂಟ್ರಾಕ್ಟ್ ಬೇಡ ಅಂದಿತು. ಜುಲೈ 31ರಂದು ವ್ಯವಹಾರ ನಿಂತಿತು. ಉರುಳಿಸುವುದು ನಿಂತ ಕೂಡಲೇ ಎಲ್ಲರೂ ಕೇಳಿದ ಪ್ರಶ್ನೆ ಒಂದೇ: ಮಾಲು ಎಲ್ಲಿ? ಗೋಡೌನುಗಳ ಬಾಗಿಲು ತೆರೆದಾಗ ರಸೀದಿಯಲ್ಲಿ ಬರೆದ ಮಾಲಿನ ಬಹುಪಾಲು ಅಲ್ಲಿ ಇರಲಿಲ್ಲ. ಸುಮಾರು 13,000 ಜನರ ಸುಮಾರು 5,600 ಕೋಟಿ ರೂಪಾಯಿ ಸಿಕ್ಕಿಬಿತ್ತು. ಕೊಡಬೇಕಾದವರು ಎರಡು ಡಜನ್ ವ್ಯಾಪಾರಿ ಸಂಸ್ಥೆಗಳು ಅಷ್ಟೇ. ಬಂಧನಗಳಾದವು, ಕೇಸು ಸುಪ್ರೀಂ ಕೋರ್ಟಿನವರೆಗೆ ವರ್ಷಗಟ್ಟಲೆ ನಡೆಯಿತು. ಸರಕು ಮಾರುಕಟ್ಟೆಯನ್ನು ನೋಡಿಕೊಳ್ಳುತ್ತಿದ್ದ ಫಾರ್ವರ್ಡ್ ಮಾರ್ಕೆಟ್ಸ್ ಕಮಿಷನ್ 2015ರ ಸೆಪ್ಟೆಂಬರಿನಲ್ಲಿ ಸೆಬಿಯೊಳಗೆ ವಿಲೀನವಾಯಿತು.

ಮಾಲು ಇದ್ದರೂ ಎಲ್ಲವೂ ಸಲೀಸು ಅಂತಲ್ಲ. ಕರಿಮೆಣಸಿನ ಫ್ಯೂಚರ್ಸ್ ಕೊಚ್ಚಿಯಲ್ಲಿ 1957ರಿಂದಲೇ ಇತ್ತು, ಮಟ್ಟಾಂಚೇರಿಯ ಹಳೆಯ ಸಂಬಾರ ವ್ಯಾಪಾರಿಗಳ ಸಂಘ ನಡೆಸುತ್ತಿದ್ದದ್ದು. ಆಮೇಲೆ ರಾಷ್ಟ್ರಮಟ್ಟದ ಎಕ್ಸ್‌ಚೇಂಜ್‌ಗೆ ವ್ಯಾಪಾರ ಹೋಯಿತು. 2012ರ ಕೊನೆಗೆ ಕೊಚ್ಚಿಯ ಗೋಡೌನುಗಳಲ್ಲಿದ್ದ ಸಾವಿರಾರು ಟನ್ ಮೆಣಸಿಗೆ ಖನಿಜ ಎಣ್ಣೆ ಸೇರಿದೆ ಎಂಬ ದೂರಿನ ಮೇಲೆ ಆಹಾರ ಸುರಕ್ಷತೆಯವರು ಬೀಗಮುದ್ರೆ ಹಾಕಿದರು. ಆ ಮಾಲು ಇಟ್ಟು ಮುಂದಿನ ತಿಂಗಳಿಗೆ ಕೊಡುತ್ತೇನೆ ಅಂತ ಲೆಕ್ಕ ಹಾಕಿದವನ ಕಾಗದದಲ್ಲಿ ಬಾಡಿಗೆ ಇತ್ತು, ಇನ್ಶೂರೆನ್ಸ್ ಇತ್ತು, ಬೀಗಮುದ್ರೆಯ ಖರ್ಚು ಇರಲಿಲ್ಲ. ನಿಜವಾದ ಮಾಲಿಗೆ ನಿಜವಾದ ಅಪಾಯ ಇರುತ್ತದೆ. ಆ ಅಪಾಯ ಹೊತ್ತವನಿಗೇ ಲಾಭದ ಹಕ್ಕು ಎನ್ನುವುದು ಫಿಕ್ಹ್‌ನ ಮೂಲ ಮಾತುಗಳಲ್ಲಿ ಒಂದು.

ಕಿತಾಬು ಏನನ್ನುತ್ತದೆ?

ಮೊದಲು ಒಂದು ತಪ್ಪು ತಿಳುವಳಿಕೆ ತೆಗೆಯೋಣ. ಕಾಲಕ್ಕೆ ತಕ್ಕಂತೆ ಬೆಲೆ ಜಾಸ್ತಿ ಆದರೆ ಅದು ಬಡ್ಡಿ ಅಂತ ಕೆಲವರು ತಿಳಿದಿದ್ದಾರೆ. ಅಲ್ಲ. ರೊಕ್ಕಕ್ಕೆ ನೂರು, ಆರು ತಿಂಗಳ ಸಾಲಕ್ಕೆ ನೂರ ಹತ್ತು ಅಂತ ವ್ಯಾಪಾರದ ಮೊದಲೇ ಒಂದು ದರ ನಿಶ್ಚಯಿಸಿ ಮಾಲು ಮಾರುವುದನ್ನು ನಾಲ್ಕೂ ಮದ್‌ಹಬಿನ ಬಹುತೇಕ ವಿದ್ವಾಂಸರು ಒಪ್ಪಿದ್ದಾರೆ. ಮೆಣಸು ಕೊಂಡು ಇಟ್ಟು ಎರಡು ತಿಂಗಳ ನಂತರ ಹೆಚ್ಚು ಬೆಲೆಗೆ ಮಾರುವುದೂ ಹಾಗೆಯೇ. ಜನ ಹಸಿದಿರುವಾಗ ಅಕ್ಕಿ ಗೋಧಿ ಕೂಡಿ ಹಾಕುವುದು ಬೇರೆ, ಅದು ತಡೆಯಲ್ಪಟ್ಟದ್ದು. ಅಂದರೆ ಎರಡು ತಿಂಗಳ ನಡುವಿನ ಅಂತರದಲ್ಲಿ, ಅದಾಗಿಯೇ, ದೋಷ ಇಲ್ಲ. ಗೋಡೌನಿನವನ ಸ್ಪ್ರೆಡ್ ದುಡಿಮೆಯೇ.

ಫ್ಯೂಚರ್ಸ್‌ನ ಸಮಸ್ಯೆ ಕಾಂಟ್ರಾಕ್ಟ್‌ನ ರಚನೆಯಲ್ಲಿದೆ. ಮುಂದೆ ಸಿಗುವ ಮಾಲನ್ನು ಇಂದೇ ಮಾರಲು ನಮ್ಮಲ್ಲಿ ದಾರಿ ಇಲ್ಲ ಅಂತಲ್ಲ. ಸಲಂ ಇದೆ. ಪ್ರವಾದಿಯವರು ಮದೀನಕ್ಕೆ ಬಂದಾಗ ಅಲ್ಲಿನವರು ಒಂದೆರಡು ವರ್ಷ ಮುಂದಿನ ಖರ್ಜೂರಕ್ಕೆ ಮೊದಲೇ ಹಣ ಕೊಡುತ್ತಿದ್ದರು. ಅದನ್ನು ನಿಲ್ಲಿಸಲಿಲ್ಲ, ಅಳತೆ, ತೂಕ, ಅವಧಿ ಖಚಿತವಾಗಿರಲಿ ಅಂದರು. ಆದರೆ ಸಲಂನಲ್ಲಿ ಪೂರ್ತಿ ಹಣ ಅದೇ ಕೂಟದಲ್ಲಿ ಕೊಡಬೇಕು. ರೈತನಿಗೆ ಬಿತ್ತಲು ಹಣ ಸಿಕ್ಕಿತು, ಕೊಂಡವನಿಗೆ ಕಡಿಮೆ ದರ ಸಿಕ್ಕಿತು. ಫ್ಯೂಚರ್ಸ್‌ನಲ್ಲಿ ಹಣವೂ ಇಲ್ಲ, ಮಾಲೂ ಇಲ್ಲ, ಎರಡೂ ಕಡೆ ಸಾಲ. ಮಾರ್ಜಿನ್ ಕೊಟ್ಟಿದ್ದೇನಲ್ಲ ಅಂತ ಹುಡುಗರು ಕೇಳುತ್ತಾರೆ. ಮಾರ್ಜಿನ್ ಬೆಲೆಯ ಪಾಲು ಅಲ್ಲ, ನೀನು ಓಡಿ ಹೋಗದಿರಲಿ ಅಂತ ಇಟ್ಟುಕೊಂಡ ಜಾಮೀನು. ಇನ್ನೊಂದು, ಶಾಫಿಈ ಮದ್‌ಹಬಿನಲ್ಲಿ ಸಲಂ ಮಾಡಿ ಕೊಂಡ ಮಾಲನ್ನು ಕೈಗೆ ಬರುವ ಮುಂಚೆ ಇನ್ನೊಬ್ಬನಿಗೆ ಮಾರುವಂತಿಲ್ಲ. ಸ್ಪ್ರೆಡ್ ಕತ್ತರಿಸಿ ಹೊರಗೆ ಬರುವುದು ಅಂದರೆ ಅದೇ ತಾನೇ? ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ 1992ರಲ್ಲಿ ತನ್ನ 63ನೇ ತೀರ್ಮಾನದಲ್ಲಿ ಇಂತಹ ಫ್ಯೂಚರ್ಸ್ ಕಾಂಟ್ರಾಕ್ಟ್ ಸಮ್ಮತವಲ್ಲ ಅಂದಿತು.

ಎಲ್ಲರೂ ಹಾಗೆ ಹೇಳಿಲ್ಲ ಅನ್ನುವುದನ್ನೂ ಹೇಳಬೇಕು. ಮಲೇಷ್ಯಾದಲ್ಲಿ ತಾಳೆ ಎಣ್ಣೆ ದೊಡ್ಡ ಬೆಳೆ. ಅಲ್ಲಿನ ಸೆಕ್ಯುರಿಟೀಸ್ ಕಮಿಷನ್‌ನ ಶರೀಅ ಸಲಹಾ ಮಂಡಳಿ ಕಚ್ಚಾ ತಾಳೆ ಎಣ್ಣೆಯ ಫ್ಯೂಚರ್ಸ್ ಅನ್ನು ಅನುಮತಿಸಿದೆ. ಅಲ್ಲೇ ಬಹಳ ಕಾಲ ಕಲಿಸಿದ ಅಫ್ಘಾನ್ ಮೂಲದ ಪ್ರೊಫೆಸರ್ ಮುಹಮ್ಮದ್ ಹಾಶಿಂ ಕಮಾಲಿ ಈ ಬಗ್ಗೆ ಇಡೀ ಪುಸ್ತಕವನ್ನೇ ಬರೆದು, ಇದು ಹೊಸ ವ್ಯವಹಾರ, ಎಕ್ಸ್‌ಚೇಂಜ್ ಜವಾಬ್ದಾರಿ ಹೊರುವುದರಿಂದ ಹಳೆಯ ಅನಿಶ್ಚಿತತೆ ಇಲ್ಲಿಲ್ಲ ಅಂತ ವಾದಿಸಿದ್ದಾರೆ. ತೋಟ ಇರುವವನು, ಮಿಲ್ಲು ಇರುವವನು ಬೆಲೆ ಕುಸಿತದಿಂದ ಉಳಿಯಲು ಇದನ್ನು ಬಳಸುವ ಮಟ್ಟಿಗೆ ಆ ವಾದಕ್ಕೆ ತೂಕ ಇದೆ. ಆದರೆ ಜಗಲಿಯಲ್ಲಿ ಕುಳಿತು ಅಮೆರಿಕದ ಅನಿಲದ ಮಾರ್ಚ್ ಏಪ್ರಿಲ್ ಕೊಳ್ಳುವ ನಮ್ಮ ಹುಡುಗನಿಗೆ ಅದನ್ನು ಎಳೆದು ತರುವುದು ನನಗೆ ಸರಿ ಕಾಣುವುದಿಲ್ಲ. ಅವನಿಗೆ ಯಾವ ತೋಟದ ಬೆಲೆ ಕುಸಿಯುವ ಹೆದರಿಕೆ?

ಇನ್ನು ಎನ್‌ಎಸ್‌ಇಎಲ್‌ನ ಜೋಡಿ ಕಾಂಟ್ರಾಕ್ಟ್. ಫಿಕ್ಹ್ ಓದಿದವನಿಗೆ ಅದನ್ನು ನೋಡಿದ ಕೂಡಲೇ ಹಳೆಯ ಪರಿಚಯದವನನ್ನು ಕಂಡ ಹಾಗೆ ಆಗುತ್ತದೆ. ಅದರ ಹೆಸರು ಈನ. ಒಬ್ಬನಿಗೆ ಸಾಲ ಬೇಕು, ಇನ್ನೊಬ್ಬನಿಗೆ ಬಡ್ಡಿ ಬೇಕು, ಇಬ್ಬರಿಗೂ ಬಡ್ಡಿ ಎನ್ನುವ ಹೆಸರು ಬೇಡ. ನಡುವೆ ಒಂದು ಮೂಟೆ ಇಡುತ್ತಾರೆ. ಇವನು ರೊಕ್ಕಕ್ಕೆ ನೂರಕ್ಕೆ ಮಾರುತ್ತಾನೆ, ಅವನು ಅದನ್ನೇ ಮುಂದಿನ ತಿಂಗಳ ಹಣಕ್ಕೆ ನೂರ ಎರಡಕ್ಕೆ ವಾಪಸು ಮಾರುತ್ತಾನೆ. ಮೂಟೆ ಇದ್ದಲ್ಲೇ ಇದೆ. ನೂರು ಹೋಗಿ ನೂರ ಎರಡು ಬಂತು. ಅಬೂ ಹನೀಫ, ಮಾಲಿಕ್, ಅಹ್ಮದ್ ಇಮಾಮರು ಇದನ್ನು ತಡೆದಿದ್ದಾರೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ನಮ್ಮವರಿಗೆ ಅದನ್ನು ಬಚ್ಚಿಡುವುದು ಸರಿಯಲ್ಲ. ಕರಾವಳಿಯ ಬ್ಯಾರಿಗಳು ಬಹುತೇಕ ಶಾಫಿಈಗಳು. ದರ್ಸ್‌ಗಳಲ್ಲಿ ಪೊನ್ನಾನಿಯ ಮಖ್ದೂಮರ ಫತ್‌ಹುಲ್ ಮುಈನ್ ಓದಿದವರು. ನಮ್ಮ ಮದ್‌ಹಬಿನಲ್ಲಿ ಈನ ವ್ಯವಹಾರ, ಎರಡು ಮಾರಾಟವೂ ಬೇರೆಬೇರೆಯಾಗಿ ಸರಿಯಾಗಿ ನಡೆದಿದ್ದರೆ, ಒಪ್ಪಂದದಲ್ಲಿ ಷರತ್ತು ಇಲ್ಲದಿದ್ದರೆ, ಊರ್ಜಿತವಾಗುತ್ತದೆ. ಮನಸ್ಸಿನ ಉದ್ದೇಶವನ್ನು ಅಲ್ಲಾಹನಿಗೆ ಬಿಟ್ಟು ಹೊರಗಿನ ಒಪ್ಪಂದವನ್ನು ನೋಡುವುದು ಇಮಾಂ ಶಾಫಿಈಯವರ ಕ್ರಮ. ಹಾಗಾದರೆ ಜೋಡಿ ಕಾಂಟ್ರಾಕ್ಟ್ ನಮಗೆ ಆಗುತ್ತದೆಯೇ ಅಂತ ಯಾರಾದರೂ ಬುದ್ಧಿವಂತ ಕೇಳಬಹುದು. ಕೇಳಲಿ. ಹೊರಗಿನ ಒಪ್ಪಂದವನ್ನೇ ನೋಡೋಣ. ಅದನ್ನು ಮಾರಿದ್ದೇ ಜೋಡಿಯಾಗಿ. ಒಂದನ್ನು ಬಿಟ್ಟು ಇನ್ನೊಂದು ಕೊಳ್ಳುವುದಕ್ಕೆ ಯಾರೂ ಬಂದದ್ದಲ್ಲ. ಕೊಂಡವನ ಕೈಗೆ ಮಾಲು ಬರಲಿಲ್ಲ, ಬರುವ ಮುಂಚೆ ಮಾರಿಯಾಗಿತ್ತು. ಕೊನೆಗೆ ಬಹುಪಾಲು ಮಾಲೇ ಇರಲಿಲ್ಲ. ಇಮಾಮರ ಅನುಮತಿ ಮೂಟೆ ಇರುವ ವ್ಯಾಪಾರಕ್ಕೆ, ಮೂಟೆಯ ರಸೀದಿಗೆ ಅಲ್ಲ. ಹೊರಗಿನಿಂದ ನೋಡಿದರೂ ಅದು ನಿಲ್ಲುವುದಿಲ್ಲ.

ಇಲ್ಲಿ ಮೆಚ್ಚಬೇಕಾದ ಸಂಗತಿ ಒಂದಿದೆ. 2007ರಲ್ಲಿ ಸರಕಾರದ ಅಧಿಕಾರಿಗಳು ಯಾವ ಕಿತಾಬು ಓದದೆ ಬರೆದ ಎರಡು ಷರತ್ತು, ಇಲ್ಲದ ಮಾಲು ಮಾರಬೇಡ, ಮಾರಿದ ಮಾಲು ಕೊಡು, ಅವನ್ನು ಪಾಲಿಸಿದ್ದರೆ 13,000 ಮನೆಗಳ ಹಣ ಉಳಿಯುತ್ತಿತ್ತು. ಅಂಥವರಲ್ಲಿ ನಿವೃತ್ತಿಯ ಹಣ ಹಾಕಿದ ಹಿರಿಯರೂ ಇದ್ದರು. ಅವರು ಯಾವ ಮತದವರು ಅಂತ ಕೇಳಿ ಆ ಖಾಲಿ ಗೋಡೌನ್ ಮೋಸ ಮಾಡಲಿಲ್ಲ.

ಹಾಗಾದರೆ ಅಂತರದ ವ್ಯಾಪಾರ ಮಾಡಲೇಬೇಕು ಎನ್ನುವವನು ಏನು ಮಾಡಬೇಕು? ಮಾಲು ಕೊಳ್ಳಲಿ. ಕೊಡಗಿನ ಮೆಣಸು, ನಮ್ಮದೇ ಅಡಿಕೆ, ಗೋಡಂಬಿ ಬೀಜ. ಕೊಯ್ಲಿನ ಹೊತ್ತಿಗೆ ರೊಕ್ಕ ಕೊಟ್ಟು ತಂದು, ಒಣಗಿಸಿ, ಚೀಲ ಕಟ್ಟಿ, ಒಳ್ಳೆಯ ಗೋಡೌನಲ್ಲಿ ಇಟ್ಟು, ರೇಟು ಬಂದಾಗ ಮಾರಲಿ. ನಾಲ್ವರು ಸೇರಿ ಪಾಲಿನಲ್ಲಿ ಮಾಡಲಿ, ಲಾಭ ನಷ್ಟ ಹಂಚಿಕೊಳ್ಳಲಿ. ಸಲಂ ಮಾಡುವುದಾದರೆ ಕೃಷಿಕನಿಗೆ ಪೂರ್ತಿ ಹಣ ಮೊದಲೇ ಕೊಡಲಿ. ಆ ಒಪ್ಪಂದಕ್ಕೆ ಕಟ್ಟದೆ, ಬೇರೆಯಾಗಿ, ಇನ್ನೊಬ್ಬ ವ್ಯಾಪಾರಿಗೆ ಅದೇ ಜಾತಿಯ ಮಾಲನ್ನು ಸಲಂನಲ್ಲಿ ಮಾರಲೂಬಹುದು. ಇಸ್ಲಾಮಿಕ್ ಬ್ಯಾಂಕ್‌ಗಳು ಮಾಡುವ ಸಮಾನಾಂತರ ಸಲಂ ಅಂದರೆ ಇದೇ. ನೋಡಲು ಸ್ಪ್ರೆಡ್ ಹಾಗೆಯೇ ಕಾಣುತ್ತದೆ, ಆದರೆ ಒಂದು ಮುರಿದರೆ ಇನ್ನೊಂದರ ಜವಾಬ್ದಾರಿ ತಪ್ಪುವುದಿಲ್ಲ, ಮಾಲು ತಂದು ಕೊಡಲೇಬೇಕು. ಇದರಲ್ಲಿ ಮೊಬೈಲ್‌ನಷ್ಟು ವೇಗ ಇಲ್ಲ, ಒಪ್ಪುತ್ತೇನೆ. ಬೆನ್ನು ನೋಯುತ್ತದೆ ಕೂಡಾ.

ಝಕಾತ್ ಬಗ್ಗೆ ಎರಡು ಮಾತು, ರಮಝಾನ್ ಹತ್ತಿರ ಬಂದಾಗ ಕೇಳುವವರು ಇರುತ್ತಾರೆ. ಮಾಲು ಇಟ್ಟುಕೊಂಡ ವ್ಯಾಪಾರಿ ವರ್ಷ ತುಂಬಿದ ದಿನ ಗೋಡೌನಲ್ಲಿರುವ ಮಾಲಿಗೆ ಆ ದಿನದ ಪೇಟೆ ದರ ಹಾಕಿ ಶೇ. 2.5 ಲೆಕ್ಕ ಮಾಡಬೇಕು. ಕೊಂಡ ದರ ಅಲ್ಲ, ಮೂರು ತಿಂಗಳ ಮುಂದಿನ ಫ್ಯೂಚರ್ಸ್ ದರವೂ ಅಲ್ಲ. ಎನ್‌ಎಸ್‌ಇಎಲ್‌ನಂಥ ಕಡೆ ಸಿಕ್ಕಿಬಿದ್ದ ಹಣ ಇದ್ದರೆ, ಸಿಗುತ್ತದೋ ಇಲ್ಲವೋ ಅಂತ ತಿಳಿಯದಿರುವವರೆಗೆ ಕೈಯಿಂದ ಕೊಡಬೇಕಾಗಿಲ್ಲ. ಕೈಗೆ ಬಂದ ಮೇಲೆ, ಶಾಫಿಈ ಮದ್‌ಹಬಿನ ಪ್ರಬಲ ಅಭಿಪ್ರಾಯದಂತೆ, ಕಳೆದ ವರ್ಷಗಳದ್ದನ್ನೂ ಸೇರಿಸಿ ಕೊಡಬೇಕು. ಅದೂ ಹಾಕಿದ ಅಸಲಿಗೆ ಮಾತ್ರ. ಅದರ ಮೇಲೆ ಶೇ. 14, 16 ಅಂತ ಬಂದದ್ದಿದ್ದರೆ ಅದು ಝಕಾತಿನ ಲೆಕ್ಕಕ್ಕೆ ಬರುವುದೇ ಇಲ್ಲ. ಪುಣ್ಯದ ನಿಯ್ಯತ್ ಇಲ್ಲದೆ ಬಡವರಿಗೋ, ಊರಿನ ರಸ್ತೆ ಚರಂಡಿಯಂಥ ಸಾರ್ವಜನಿಕ ಕೆಲಸಕ್ಕೋ ಕೊಟ್ಟು ಕೈ ತೊಳೆಯಬೇಕು.